ಸದ್ದು ಮಾಡುವ ತಂತಿ, ಕಿಡಿ ಉಗುಳುವ ಕಂಬ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ವಿದ್ಯುತ್ ಮಾರ್ಗಗಳ ಸುತ್ತ ಕಾಣುವ ಬೆಳಕು, ಕೇಳುವ ಸದ್ದು ಮತ್ತು ಸಿಡಿಯುವ ಕಿಡಿಗಳ ಬಗ್ಗೆಯೇ ಇವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹೊಲಗಳ ಮೇಲೆ ದೊಡ್ಡ ಟವರುಗಳ ಸಾಲು ಹೆಚ್ಚುತ್ತಿರುವ ಈ ದಿನಗಳಲ್ಲಿ ಇಂಥ ಪ್ರಶ್ನೆಗಳು ಏಳುವುದು ಸಹಜ. ಒಂದು ಉತ್ತರ ಇನ್ನೊಂದಕ್ಕೆ ಆಧಾರವಾಗುವುದರಿಂದ ಐದನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಊರಿನ ಹೊಲಗಳ ಮೇಲೆ ದೊಡ್ಡ ಟವರುಗಳ ಹೈಟೆನ್ಷನ್ ಲೈನ್ ಹಾದುಹೋಗಿದೆ. ಎಳ್ಳ ಅಮಾವಾಸ್ಯೆಯ ಆಸುಪಾಸಿನ ಚಳಿಯಲ್ಲಿ, ಬೆಳಗಿನ ಜಾವ ಮಂಜು ಕವಿದಾಗ, ಆ ತಂತಿಗಳಿಂದ ಎಣ್ಣೆಯಲ್ಲಿ ಏನನ್ನೋ ಕರಿದಂತೆ ಚರಚರ ಸದ್ದು ಬರುತ್ತದೆ. ಅದರ ಜೊತೆ ದುಂಬಿ ಗುಂಯ್‌ಗುಡುವಂಥ ಸದ್ದೂ ಇರುತ್ತದೆ. ಕತ್ತಲಿದ್ದರೆ ತಂತಿಯ ಮೇಲೆ ಅಲ್ಲಲ್ಲಿ ನೀಲಿ ಬೆಳಕು ಕಂಡಂತಾಗುತ್ತದೆ. ಮಧ್ಯಾಹ್ನ ಹೋಗಿ ನಿಂತರೆ ಏನೂ ಇಲ್ಲ. ವಿದ್ಯುತ್ ಸೋರುತ್ತಿದೆಯೇ? ಕೆಳಗೆ ಓಡಾಡುವವರಿಗೆ ಅಪಾಯವಿದೆಯೇ? (ಶಾಲಾ ಶಿಕ್ಷಕರು, ಬಸವನ ಬಾಗೇವಾಡಿ ತಾಲ್ಲೂಕು)

ಉತ್ತರ: ತಾವು ಕಂಡದ್ದಕ್ಕೆ ಎಂಜಿನಿಯರುಗಳು ಕರೋನಾ ವಿಸರ್ಜನೆ ಎನ್ನುತ್ತಾರೆ. ಕರೋನಾ ಎಂದರೆ ಕಿರೀಟ. ಪೂರ್ಣ ಸೂರ್ಯಗ್ರಹಣದಲ್ಲಿ ಸೂರ್ಯನ ಸುತ್ತ ಕಾಣುವ ಪ್ರಭೆಗೂ ಇದೇ ಹೆಸರಿದೆ. ತಂತಿಯನ್ನು ಸುತ್ತಿದ ಮಸುಕಾದ ನೇರಳೆ ಪ್ರಭೆಯನ್ನು ನೋಡಿದವರಿಗೆ ಆ ಹೆಸರು ಏಕೆ ಬಂತೆಂದು ಹೇಳಬೇಕಾಗಿಲ್ಲ.

ಹೊಲದ ಮೇಲಿನ ದೊಡ್ಡ ತಂತಿಗೆ ಮನೆಯ ವೈರಿಗೆ ಇರುವಂತೆ ಪ್ಲಾಸ್ಟಿಕ್ಕಿನ ಹೊದಿಕೆ ಇರುವುದಿಲ್ಲ. ಅದನ್ನು ಸುತ್ತಲಿನ ಪ್ರಪಂಚದಿಂದ ಬೇರ್ಪಡಿಸಿರುವುದು ಗಾಳಿ ಮಾತ್ರ. ಗಾಳಿ ಒಳ್ಳೆಯ ಅವಾಹಕವೇ ಆದರೂ ಅದರ ಸೈರಣೆಗೊಂದು ಮಿತಿಯಿದೆ. ಸಮುದ್ರಮಟ್ಟದ ಸಾಮಾನ್ಯ ಗಾಳಿಯಲ್ಲಿ 1 ಸೆಂಟಿಮೀಟರ್ ಅಂತರಕ್ಕೆ ಸುಮಾರು 30 ಕಿಲೋವೋಲ್ಟ್ ಒತ್ತಡ ಬಿದ್ದರೆ ಅದು ಅವಾಹಕವಾಗಿ ಉಳಿಯುವುದಿಲ್ಲ. ಗಾಳಿಯಲ್ಲಿ ಸದಾ ಕೆಲವು ಬಿಡಿ ಇಲೆಕ್ಟ್ರಾನುಗಳು ಇದ್ದೇ ಇರುತ್ತವೆ. ವಿದ್ಯುತ್ ಕ್ಷೇತ್ರವು, ಅಂದರೆ ತಂತಿಯ ಒತ್ತಡವು ಸುತ್ತಲಿನ ಗಾಳಿಯ ಮೇಲೆ ಬೀರುವ ಸೆಳೆತವು, ಅಷ್ಟು ಪ್ರಬಲವಾದಾಗ ಅವು ಭರದಿಂದ ಓಡಿ, ಎದುರಾದ ಅಣುಗಳಿಗೆ ಬಡಿದು, ಅವುಗಳಿಂದ ಇನ್ನಷ್ಟು ಇಲೆಕ್ಟ್ರಾನುಗಳನ್ನು ಕಿತ್ತು ಹೊರಹಾಕುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೋಟಿಗಟ್ಟಲೆಯಾಗುತ್ತವೆ. ಏಟು ತಿಂದ ಸಾರಜನಕದ ಅಣುಗಳು ತಮ್ಮ ಮೊದಲಿನ ಸ್ಥಿತಿಗೆ ಮರಳುವಾಗ ಬೆಳಕನ್ನು ಬಿಡುತ್ತವೆ. ಅದರಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ. ತಾವು ಕತ್ತಲಲ್ಲಿ ಕಂಡ ನೀಲಿಯು ಆ ಬೆಳಕಿನ ಅಂಚು ಮಾತ್ರ. ಮಾರ್ಗಗಳನ್ನು ತಪಾಸಣೆ ಮಾಡುವವರು ಅತಿನೇರಳೆಯನ್ನೇ ಹಿಡಿಯುವ ಕ್ಯಾಮೆರಾಗಳನ್ನು ಬಳಸಿ ಹಗಲಿನಲ್ಲಿಯೂ ಇದನ್ನು ನೋಡುತ್ತಾರೆ.

ಹಾಗಾದರೆ ಗಾಳಿ ಪೂರ್ತಿ ಸೋತು, ತಂತಿಯಿಂದ ನೆಲಕ್ಕೆ ಮಿಂಚು ಏಕೆ ಹೊಡೆಯುವುದಿಲ್ಲ ಎಂದು ತಾವು ಕೇಳಬಹುದು. ಕ್ಷೇತ್ರದ ತೀವ್ರತೆ ಅತಿ ಹೆಚ್ಚಾಗಿರುವುದು ತಂತಿಯ ಮೈಗೆ ತಾಗಿದ ಪದರದಲ್ಲಿ ಮಾತ್ರ. ತಂತಿಯಿಂದ ಕೆಲವು ಸೆಂಟಿಮೀಟರ್ ದೂರ ಸರಿದರೆ ಅದು ಸರ್ರನೆ ಇಳಿದುಬಿಡುತ್ತದೆ. ಆದ್ದರಿಂದ ಗಾಳಿಯ ಸೋಲು ಆ ತೆಳುವಾದ ಪದರದಲ್ಲಿಯೇ ನಿಲ್ಲುತ್ತದೆ. ಕರೋನಾಕ್ಕೂ ಕಿಡಿಗೂ ಇರುವ ಮುಖ್ಯ ವ್ಯತ್ಯಾಸ ಇದು: ಕಿಡಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸೇತುವೆ ಕಟ್ಟುತ್ತದೆ, ಕರೋನಾ ಅರ್ಧಕ್ಕೂ ಬಾರದೆ ತಂತಿಯ ಬಳಿಯೇ ಉಳಿಯುತ್ತದೆ. ಮುಂದಿನ ಪತ್ರಕ್ಕೆ ಉತ್ತರಿಸುವಾಗ ಈ ಮಾತು ಮತ್ತೆ ಬೇಕಾಗುತ್ತದೆ.

ತಮ್ಮ ವಿದ್ಯಾರ್ಥಿಗಳಿಗೆ ಉಪಯೋಗವಾದೀತೆಂದು ಒಂದು ಲೆಕ್ಕವನ್ನೂ ಕೊಡುತ್ತೇನೆ. ನಮ್ಮ ದೇಶದ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ತಂತಿಗೆ ‘ಮೂಸ್’ ಎಂಬ ಹೆಸರಿದೆ; ಅದರ ವ್ಯಾಸ 31.77 ಮಿಲಿಮೀಟರ್. ಹಂತಗಳ (ಫೇಸ್‌ಗಳ) ನಡುವಿನ ಅಂತರ ಸುಮಾರು 12 ಮೀಟರ್ ಇದ್ದು, ಒಂದು ಹಂತಕ್ಕೆ ಒಂದೇ ತಂತಿ ಹಾಕಿದರೆ, ಅದರ ಮೇಲ್ಮೈಯಲ್ಲಿ ತೀವ್ರತೆಯ ಶಿಖರವು ಸೆಂಟಿಮೀಟರಿಗೆ 31 ಕಿಲೋವೋಲ್ಟ್ ಆಗುತ್ತದೆ, ಅಂದರೆ ಗಾಳಿಯ ಮಿತಿಯನ್ನೇ ದಾಟುತ್ತದೆ. ಹಾಗೆ ಮಾಡಿದ್ದರೆ ಒಣ ಹವೆಯಲ್ಲಿಯೂ ಆ ಮಾರ್ಗ ಸದ್ದು ಮಾಡುತ್ತಲೇ ಇರುತ್ತಿತ್ತು. ಅದರ ಬದಲು 45 ಸೆಂಟಿಮೀಟರ್ ಅಂತರದಲ್ಲಿ ಎರಡು ತಂತಿಗಳನ್ನು ಜೋಡಿಯಾಗಿ ಎಳೆದರೆ ಅವೆರಡೂ ಕೂಡಿ ಒಂದು ದಪ್ಪ ತಂತಿಯಂತೆ ವರ್ತಿಸುತ್ತವೆ, ಶಿಖರವು ಸುಮಾರು 22 ಕಿಲೋವೋಲ್ಟಿಗೆ ಇಳಿಯುತ್ತದೆ. ದೊಡ್ಡ ಲೈನುಗಳಲ್ಲಿ ಎರಡು ಅಥವಾ ನಾಲ್ಕು ತಂತಿಗಳು ಒಟ್ಟಾಗಿ ಸಾಗುವುದನ್ನೂ, ಅವುಗಳ ನಡುವೆ ಅಲ್ಲಲ್ಲಿ ಲೋಹದ ಬಿಗಿಪಟ್ಟಿಗಳನ್ನು ಕೂರಿಸಿರುವುದನ್ನೂ ತಾವು ನೋಡಿರಬಹುದು. ಹೆಚ್ಚು ವಿದ್ಯುತ್ತನ್ನು ಸಾಗಿಸಲು ಹಾಗೆ ಮಾಡಿದ್ದಾರೆಂದು ಹಲವರು ತಿಳಿದಿದ್ದಾರೆ. ಅದೂ ನಿಜ, ಆದರೆ ಕರೋನಾವನ್ನು ತಡೆಯುವುದು ಅಷ್ಟೇ ದೊಡ್ಡ ಕಾರಣ.

ಇನ್ನು ಮಂಜಿನ ಮಾತು. ಒಣಗಿದ ತಂತಿಯ ಮೈ ಸಾಕಷ್ಟು ನುಣುಪಾಗಿರುತ್ತದೆ. ಇಬ್ಬನಿ ಇಳಿದಾಗ ತಂತಿಯ ಹೊಟ್ಟೆಯ ಕೆಳಗೆ ಹನಿಗಳು ಸಾಲಾಗಿ ಜೋತುಬೀಳುತ್ತವೆ, ಕ್ಷೇತ್ರವೇ ಅವುಗಳನ್ನು ಎಳೆದು ಮೊನಚು ಮಾಡುತ್ತದೆ. ಮೊನಚಾದ ತುದಿಯಲ್ಲಿ ಕ್ಷೇತ್ರ ದಟ್ಟವಾಗುವುದರಿಂದ ಪ್ರತಿ ಹನಿಯೂ ಒಂದೊಂದು ಪುಟ್ಟ ವಿಸರ್ಜನೆಯ ನೆಲೆಯಾಗುತ್ತದೆ. ಚರಚರ ಎನ್ನುವುದು ಈ ಸಾವಿರಾರು ಪುಟ್ಟ ಸಿಡಿತಗಳ ಒಟ್ಟು ಸದ್ದು. ದುಂಬಿಯ ಸದ್ದಿಗೆ ಬೇರೆ ಕಾರಣವಿದೆ: ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು, ಪ್ರತಿ ಆವರ್ತದಲ್ಲಿ ಒತ್ತಡವು ಎರಡು ಸಲ ಶಿಖರಕ್ಕೇರುತ್ತದೆ, ತಂತಿಯ ಸುತ್ತಲಿನ ಅಯಾನುಗಳು (ಇಲೆಕ್ಟ್ರಾನನ್ನು ಕಳೆದುಕೊಂಡ ಅಥವಾ ಪಡೆದ ಅಣುಗಳು) ಅದರೊಂದಿಗೆ ಹಿಂದೆ ಮುಂದೆ ತುಯ್ದಾಡಿ ಸೆಕೆಂಡಿಗೆ 100 ಸಲ ಗಾಳಿಯನ್ನು ಅಲುಗಿಸುತ್ತವೆ. ಬಿಸಿಲೇರಿ ಹನಿ ಆರಿದ ಮೇಲೆ ಎರಡೂ ನಿಲ್ಲುತ್ತವೆ.

ನಮ್ಮ ಭಾಗದ ಎತ್ತರವೂ ಇಲ್ಲಿ ಸ್ವಲ್ಪ ಪಾತ್ರ ವಹಿಸುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿವೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ತೆಳುವಾದ ಗಾಳಿ ಬೇಗ ಸೋಲುತ್ತದೆ. ಬೇಸಿಗೆಯ 40 ಡಿಗ್ರಿ ಬಿಸಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ವಿಜಯಪುರದ ಗಾಳಿಯ ಸಾಂದ್ರತೆಯು ವಿನ್ಯಾಸಕಾರರು ಆಧಾರವಾಗಿ ಹಿಡಿಯುವ ಗಾಳಿಗಿಂತ ಶೇಕಡಾ 11ರಷ್ಟು ಕಡಿಮೆ. ಮಾರ್ಗಗಳನ್ನು ವಿನ್ಯಾಸ ಮಾಡುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

‘ಸೋರುತ್ತಿದೆಯೇ’ ಎಂಬ ತಮ್ಮ ಮಾತಿನಲ್ಲಿ ಸತ್ಯಾಂಶವಿದೆ. ಬೆಳಕು, ಸದ್ದು, ಶಾಖಗಳಾಗಿ ಒಂದಿಷ್ಟು ಶಕ್ತಿ ನಷ್ಟವಾಗುತ್ತದೆ, ಮಳೆಯಲ್ಲಿ ಆ ನಷ್ಟ ಒಣಹವೆಯ ಹತ್ತಾರು ಪಟ್ಟು ಆಗಬಹುದು. ಆದರೆ ಆ ಶಕ್ತಿ ಕೆಳಗೆ ನಡೆಯುವವರ ಮೇಲೆ ಬೀಳುವುದಿಲ್ಲ. ಮಂಜಿನಲ್ಲಿ ದೊಡ್ಡ ಲೈನಿನ ಚರಚರ ಕೇಳಿ ಭಯಪಡಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮನೆಯ ಮುಂದಿನ ಕಂಬದ ಮೇಲೆ 11 ಕೆ.ವಿ. (ಕಿಲೋವೋಲ್ಟ್) ಲೈನ್ ಇದೆ. ಜಿಟಿಜಿಟಿ ಮಳೆ ಹಿಡಿದ ರಾತ್ರಿಗಳಲ್ಲಿ ತಂತಿಯನ್ನು ಹೊತ್ತ ಪಿಂಗಾಣಿಯ ಬಳಿ ಚಿಟಿಚಿಟಿ ಎಂದು ಕಿಡಿ ಹಾರುತ್ತದೆ. ಒಮ್ಮೊಮ್ಮೆ ಮಳೆಯಿಲ್ಲದೆ ಬರೀ ಗಾಳಿ ಬೀಸಿದಾಗಲೂ ಸದ್ದು ಬರುತ್ತದೆ, ಆಗ ಮಾವನವರ ಹಳೆಯ ರೇಡಿಯೊದಲ್ಲಿ ಧಾರವಾಡ ಕೇಂದ್ರ ಕೇಳಿಸುವುದಿಲ್ಲ. ವಿಚಾರಿಸಿದಾಗ ‘ಇದು ಕರೋನಾ, ಎಲ್ಲ ಲೈನುಗಳಲ್ಲಿಯೂ ಇರುತ್ತದೆ’ ಎಂದು ಒಬ್ಬರು ಹೇಳಿದರು. ಸುಮ್ಮನಿರಬಹುದೇ? (ಗೃಹಿಣಿ, ಬಾಗಲಕೋಟೆ)

ಉತ್ತರ: ತಾಯಿ, ದಯವಿಟ್ಟು ಸುಮ್ಮನಿರಬೇಡಿ. ತಮಗೆ ಸಿಕ್ಕ ವಿವರಣೆ ತಪ್ಪು, ಮತ್ತು ಈ ತಪ್ಪಿನಿಂದ ಜೀವಹಾನಿ ಆಗಬಹುದಾದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ.

ಮೇಲಿನ ಲೆಕ್ಕವನ್ನೇ 11 ಕೆ.ವಿ. ಲೈನಿಗೆ ಹಾಕಿ ನೋಡೋಣ. ತಂತಿಯ ವ್ಯಾಸ ಸುಮಾರು 1 ಸೆಂಟಿಮೀಟರ್, ತಂತಿಗಳ ನಡುವೆ ಸುಮಾರು 1 ಮೀಟರ್ ಅಂತರ ಎಂದಿಟ್ಟುಕೊಂಡರೆ ತಂತಿಯ ಮೈಮೇಲಿನ ತೀವ್ರತೆಯು ಶಿಖರದಲ್ಲಿ ಕೂಡ ಸೆಂಟಿಮೀಟರಿಗೆ ಮೂರೂವರೆ ಕಿಲೋವೋಲ್ಟನ್ನು ಮೀರುವುದಿಲ್ಲ. ಗಾಳಿಯ ಮಿತಿ 30. ಹತ್ತು ಪಾಲಿನಲ್ಲಿ ಒಂದು ಪಾಲಿಗೆ ಸ್ವಲ್ಪ ಹೆಚ್ಚು ಇರುವಲ್ಲಿ ತಂತಿಯ ಮೇಲೆ ಕರೋನಾ ಹುಟ್ಟುವ ಪ್ರಶ್ನೆಯೇ ಏಳುವುದಿಲ್ಲ. 11 ಕೆ.ವಿ. ಕಂಬ ಸದ್ದು ಮಾಡಿತೆಂದರೆ, ಕಿಡಿ ಹಾರಿಸಿತೆಂದರೆ, ಅಲ್ಲಿ ಏನೋ ದೋಷವಿದೆ ಎಂದೇ ಅರ್ಥ.

ಯಾವ ದೋಷ ಎನ್ನುವುದನ್ನು ಹವಾಮಾನವೇ ಹೇಳಿಕೊಡುತ್ತದೆ. ತಮ್ಮ ಪತ್ರದಲ್ಲಿ ಎರಡು ಸೂಚನೆಗಳಿವೆ. ಮೊದಲನೆಯದು ಜಿಟಿಜಿಟಿ ಮಳೆಯ ಕಿಡಿ. ಬಾಗಲಕೋಟೆಯ ಸುತ್ತ ಸುಣ್ಣಕಲ್ಲಿನ ಗಣಿಗಳಿವೆ, ಸಿಮೆಂಟಿನ ಧೂಳಿದೆ. ಬೇಸಿಗೆಯುದ್ದಕ್ಕೂ ಎರೆಮಣ್ಣಿನ ಧೂಳೂ ಹಾರಿ ಪಿಂಗಾಣಿಯ ಮೇಲೆ ಪದರಗಟ್ಟುತ್ತದೆ. ಒಣಗಿದ್ದಾಗ ಅದು ನಿರುಪದ್ರವಿ. ತುಂತುರು ಹನಿ ಅಥವಾ ಇಬ್ಬನಿ ಸೋಕಿದಾಗ ಧೂಳಿನಲ್ಲಿರುವ ಲವಣಗಳು ಕರಗಿ, ಪಿಂಗಾಣಿಯ ಮೈಯೇ ವಿದ್ಯುತ್ತನ್ನು ಒಯ್ಯತೊಡಗುತ್ತದೆ. ಆ ಸೋರಿಕೆಯ ಬಿಸಿಗೆ ಒದ್ದೆ ಪದರದ ಒಂದು ಪಟ್ಟಿ ಒಣಗುತ್ತದೆ, ಇಡೀ ಒತ್ತಡ ಆ ಕಿರಿದಾದ ಒಣಪಟ್ಟಿಯ ಮೇಲೆ ಬೀಳುತ್ತದೆ, ಅದನ್ನು ಹಾರಿ ದಾಟುವಾಗ ಕಿಡಿ ಕಾಣುತ್ತದೆ. ಈ ಕಿಡಿಗಳು ಬೆಳೆಯುತ್ತ ಹೋಗಿ ಒಂದಕ್ಕೊಂದು ಕೂಡಿದರೆ ಪಿಂಗಾಣಿಯ ಮೇಲಿಂದ ಕೆಳಗಿನವರೆಗೆ ಜ್ವಾಲೆ ಹರಿದು ಲೈನ್ ಬಂದ್ ಆಗುತ್ತದೆ. ಜೋರು ಮಳೆ ಸುರಿದರೆ ಧೂಳು ತೊಳೆದುಹೋಗಿ ಸದ್ದು ನಿಲ್ಲುತ್ತದೆ. ಆಗ ದೋಷ ತಾನಾಗಿಯೇ ಸರಿಹೋಯಿತೆಂದು ಜನ ಮರೆಯುತ್ತಾರೆ. ಪಿಂಗಾಣಿ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣಗಳು ಕಾಣಬಹುದು, ಆಗ ತೊಳೆದರೂ ಸಾಲದು, ಬದಲಾಯಿಸಲೇಬೇಕು.

ಎರಡನೆಯದು ಒಣಗಾಳಿಯ ಸದ್ದು. ಗಾಳಿಗೆ ಅಲುಗಿದಾಗ ಕಿಡಿಯಾಗುತ್ತದೆ ಎಂದರೆ ಎಲ್ಲೋ ಕಟ್ಟು ಸಡಿಲವಾಗಿದೆ: ಪಿಂಗಾಣಿಗೆ ತಂತಿಯನ್ನು ಬಿಗಿದ ಕಟ್ಟು, ಜಂಪರಿನ (ಎರಡು ತಂತಿಗಳನ್ನು ಕೂಡಿಸುವ ತುಂಡು ತಂತಿಯ) ಜೋಡಣೆ ಅಥವಾ ಒಂದು ಬೋಲ್ಟು ಇರಬಹುದು, ಇಲ್ಲವೇ ಮರದ ರೆಂಬೆ ತಂತಿಯನ್ನು ಸವರುತ್ತಿರಬಹುದು. ಇಂಥ ಸಣ್ಣ ಬಿರುಕಿನ ಕಿಡಿಗಳು ರೇಡಿಯೊಗೆ ಅತ್ಯಂತ ಕೆಟ್ಟವು. ಧಾರವಾಡ ಕೇಂದ್ರದ ಮಧ್ಯಮ ತರಂಗದ ಪ್ರಸಾರವನ್ನು ಅವು ಮುಳುಗಿಸಿಬಿಡುತ್ತವೆ. ಎಫ್‌ಎಂ ಪ್ರಸಾರದಲ್ಲಿ ಮಾಹಿತಿಯು ತರಂಗದ ಎತ್ತರದಲ್ಲಿ ಅಡಗಿರುವುದಿಲ್ಲವಾದ್ದರಿಂದ ಅದಕ್ಕೆ ಅಷ್ಟು ಬಾಧೆಯಿಲ್ಲ. ನಾನು ಕೆಲಸದಲ್ಲಿದ್ದಾಗ ಮಧ್ಯಮ ತರಂಗದ ಒಂದು ಸಣ್ಣ ರೇಡಿಯೊ ಹಿಡಿದು ಲೈನಿನ ಕೆಳಗೆ ನಡೆಯುತ್ತ, ಗದ್ದಲ ಎಲ್ಲಿ ಹೆಚ್ಚುತ್ತದೆಯೋ ಆ ಕಂಬವನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಈಗಲೂ ಅದಕ್ಕಿಂತ ಅಗ್ಗದ ತಪಾಸಣಾ ಸಾಧನ ನನಗೆ ಗೊತ್ತಿಲ್ಲ.

ವಿದ್ಯುತ್ ದೂರಿನ 1912 ಸಂಖ್ಯೆಗೆ ಕರೆ ಮಾಡಿ ಕಂಬದ ಗುರುತು ಹೇಳಿ, ‘ಒಣಗಾಳಿಯಲ್ಲಿಯೂ ಕಿಡಿ, ತುಂತುರಿನಲ್ಲಿಯೂ ಕಿಡಿ’ ಎಂದು ಇದ್ದುದನ್ನು ಇದ್ದಂತೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾತ್ರಿ ದೂರದಿಂದ ಮೊಬೈಲಿನಲ್ಲಿ ತೆಗೆದ ಒಂದು ವಿಡಿಯೊ ಇದ್ದರೆ ಬಹಳ ಅನುಕೂಲ. ಅದು ಸರಿಯಾಗುವವರೆಗೆ ಮಕ್ಕಳನ್ನು, ಎಮ್ಮೆ ದನಗಳನ್ನು ಆ ಕಂಬದ ಬಳಿ, ಅದನ್ನು ಬಿಗಿದು ನಿಲ್ಲಿಸಿದ ತಣಿ ತಂತಿಯ (ಸ್ಟೇ ವೈರಿನ) ಬಳಿ ಬಿಡಬೇಡಿ.

ಪ್ರಶ್ನೆ: ನಮ್ಮ ದ್ರಾಕ್ಷಿ ತೋಟದ ಒಂದು ಭಾಗದ ಮೇಲೆ 400 ಕೆ.ವಿ. ಲೈನ್ ಹಾದುಹೋಗಿದೆ. ಚಪ್ಪರದ ತಂತಿ ಮುಟ್ಟಿದರೆ ಚುರ್ ಎನ್ನುತ್ತದೆ, ಟ್ರ್ಯಾಕ್ಟರ್ ನಿಲ್ಲಿಸಿ ಇಳಿಯುವಾಗಲೂ ಹಾಗೆಯೇ. ಚಾಟನಿ (ಬಳ್ಳಿ ಸವರುವ ಕೆಲಸ) ಮಾಡಲು ಬರುವ ಹೆಣ್ಣುಮಕ್ಕಳು ಆ ಸಾಲುಗಳಿಗೆ ಹೋಗಲು ಹೆದರುತ್ತಾರೆ. (ದ್ರಾಕ್ಷಿ ಬೆಳೆಗಾರರು, ತಿಕೋಟಾ)

ಉತ್ತರ: ಲೈನಿನ ತಂತಿ ಒಂದು ಫಲಕ, ನೆಲ ಇನ್ನೊಂದು ಫಲಕ, ನಡುವೆ ಗಾಳಿ: ಇಡೀ ಜಾಗವೇ ಒಂದು ದೊಡ್ಡ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಧನ. ಅದರೊಳಗೆ ನೆಲಕ್ಕೆ ತಾಗದ ಲೋಹವಿದ್ದರೆ ಅದು ನಡುವಿನ ಯಾವುದೋ ಒಂದು ಒತ್ತಡಕ್ಕೆ ಏರಿ ಕುಳಿತಿರುತ್ತದೆ. ಮರದ ಅಥವಾ ಕಲ್ಲಿನ ಕಂಬಗಳ ಮೇಲೆ ಎಳೆದ ಚಪ್ಪರದ ತಂತಿ, ರಬ್ಬರಿನ ಗಾಲಿಗಳ ಮೇಲೆ ನಿಂತ ಟ್ರ್ಯಾಕ್ಟರ್, ಎರಡೂ ಅಂಥವೇ. ನೆಲದ ಮೇಲೆ ನಿಂತು ಅದನ್ನು ಮುಟ್ಟಿದ ಕೂಡಲೇ ಅಲ್ಲಿದ್ದ ವಿದ್ಯುದಾವೇಶ ಬೆರಳ ತುದಿಯಿಂದ ಕಿಡಿಯಾಗಿ ಇಳಿಯುತ್ತದೆ. ಮುಂದೆ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ ಚಿಕ್ಕದು. ಆದರೆ ಚಪ್ಪರದ ತಂತಿಗಳು ಉದ್ದವಾಗಿದ್ದಷ್ಟೂ, ಲೈನಿಗೆ ಸಮಾನಾಂತರವಾಗಿದ್ದಷ್ಟೂ ಅದು ಹೆಚ್ಚುತ್ತದೆ, ಮತ್ತು ಏಣಿಯ ಮೇಲೆ ನಿಂತವರು ಬೆಚ್ಚಿ ಬೀಳುವುದೇ ದೊಡ್ಡ ಅಪಾಯ. ಕೆಲಸಕ್ಕೆ ಬರುವವರ ಹೆದರಿಕೆಯನ್ನು ತಾವು ಗಂಭೀರವಾಗಿ ತೆಗೆದುಕೊಂಡಿರುವುದು ಸಮಾಧಾನದ ಸಂಗತಿ.

ಪರಿಹಾರವೆಂದರೆ ಚಪ್ಪರಕ್ಕೆ ಅರ್ಥಿಂಗ್ ಮಾಡಿಸುವುದು. ಲೈನಿನ ಕೆಳಗಿನ ಪಟ್ಟಿಯಲ್ಲಿ ಕಬ್ಬಿಣದ ಸರಳುಗಳನ್ನು ಹಸಿ ಮಣ್ಣಿನ ಆಳದವರೆಗೆ ಇಳಿಸಿ, ಚಪ್ಪರದ ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒಂದಕ್ಕೊಂದು ಜೋಡಿಸಿ, ಒಂದೇ ಕಡೆ ಬಿಡದೆ ಹಲವು ಕಡೆ ಆ ಸರಳುಗಳಿಗೆ ಬಿಗಿಸಬೇಕು. ಎರೆಭೂಮಿ ಹಸಿಯಿದ್ದಾಗ ಅರ್ಥಿಂಗಿಗೆ ಅತ್ಯುತ್ತಮ, ಆದರೆ ಬೇಸಿಗೆಯಲ್ಲಿ ಅದು ಬಿರಿದು ಸರಳಿನಿಂದ ಬೇರ್ಪಡುತ್ತದೆ. ಡ್ರಿಪ್ಪಿನ ನೀರು ಬೀಳುವ ಜಾಗದಲ್ಲಿ ಸರಳು ಹಾಕಿದರೆ ಆ ಚಿಂತೆಯಿಲ್ಲ. ಬಾಂದಿನ ಉದ್ದಕ್ಕೆ ಹಾಕಿದ ತಂತಿ ಬೇಲಿಗೂ ಇದೇ ಕ್ರಮ. ಟ್ರ್ಯಾಕ್ಟರಿಗೆ ನೆಲ ಸವರುವ ಒಂದು ಸರಪಳಿ ಕಟ್ಟಿರಿ. ಲೈನಿನ ಕೆಳಗೆ ಡೀಸೆಲ್ ತುಂಬಬೇಡಿ. ಮಾರ್ಗದ ಉಸ್ತುವಾರಿ ನೋಡುವ ಎಂಜಿನಿಯರಿಗೆ ಪತ್ರ ಬರೆದು ಅವರ ಎದುರಿನಲ್ಲಿಯೇ ಈ ಕೆಲಸ ಮಾಡಿಸುವುದು ಒಳ್ಳೆಯದು.

ಚುರುಗುಟ್ಟುವ ತಂತಿಗಿಂತ ನನ್ನನ್ನು ಹೆಚ್ಚು ಕಾಡುವುದು ಸ್ಪ್ರಿಂಕ್ಲರಿನ 20 ಅಡಿಯ ಲೋಹದ ಪೈಪು. ಅದನ್ನು ನೆಟ್ಟಗೆ ಎತ್ತಿದರೆ ಅದರ ತುದಿ 6 ಮೀಟರ್ ದಾಟುತ್ತದೆ. ಹೊಲದ ಮೇಲಿನ 11 ಕೆ.ವಿ. ತಂತಿ ಇರುವುದು ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿ. ದೊಡ್ಡ ಲೈನಿಗಾದರೆ ಮುಟ್ಟುವುದೂ ಬೇಡ, ಹತ್ತಿರ ಹೋದರೂ ಗಾಳಿ ಸೋತು ಕಿಡಿ ಹಾರುತ್ತದೆ. ಪೈಪನ್ನು ಯಾವಾಗಲೂ ಇಬ್ಬರು ಅಡ್ಡಲಾಗಿ ಹಿಡಿದೇ ಸಾಗಿಸಬೇಕು.

ಪ್ರಶ್ನೆ: ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ರವದಿಗೆ (ಕಬ್ಬಿನ ಒಣಗಿದ ಸೋಗೆಗೆ) ಬೆಂಕಿ ಹಚ್ಚಿದ್ದೆವು. ಮೇಲಿನ ದೊಡ್ಡ ಲೈನಿನಲ್ಲಿ ಬಾಂಬು ಸಿಡಿದಂತೆ ಸದ್ದಾಗಿ ಮಿಂಚು ಹೊಡೆಯಿತು. ಬೆಂಕಿಯ ನಾಲಿಗೆ ತಂತಿಯ ತನಕ ಹೋಗಿರಲಿಲ್ಲ. ಹಾಗಿದ್ದರೂ ಹೀಗೇಕಾಯಿತು? (ರೈತರು, ರಾಯಬಾಗ ತಾಲ್ಲೂಕು)

ಉತ್ತರ: ಗಾಳಿಯ ಸೈರಣೆ ಅದರ ಸಾಂದ್ರತೆಯನ್ನು ಅವಲಂಬಿಸಿದೆ ಎಂದು ಮೇಲೆ ಹೇಳಿದೆ. 27 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು 927 ಡಿಗ್ರಿಗೆ ಕಾಯಿಸಿದರೆ ಅದರ ಸಾಂದ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಅವಾಹಕ ಶಕ್ತಿಯೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಜ್ವಾಲೆಯೊಳಗೆ ಅಯಾನುಗಳಿರುತ್ತವೆ. ಅದರ ಮೇಲೆ ಏಳುವ ಹೊಗೆಯಲ್ಲಿ ಮಸಿಯ ಕಣಗಳೂ ಅರೆಸುಟ್ಟ ಗರಿಗಳೂ ಇರುತ್ತವೆ. ಒಂದೊಂದು ಗರಿಯೂ ವಿದ್ಯುತ್ತಿಗೆ ನಡುಹಾದಿಯ ಮೆಟ್ಟಿಲಾಗುತ್ತದೆ. ಜ್ವಾಲೆ ತಂತಿಯನ್ನು ಮುಟ್ಟಬೇಕಿಲ್ಲ, ಅದರ ತಲೆಯ ಮೇಲಿನ ಬಿಸಿಗಾಳಿಯ ಕಂಬವೇ ತಂತಿಗೂ ನೆಲಕ್ಕೂ ದಾರಿ ಮಾಡಿಕೊಡುತ್ತದೆ. ತಾವು ಕೇಳಿದ ಸದ್ದು ಹಾಗೆ ಹುಟ್ಟಿದ್ದು.

ಆ ಕ್ಷಣದಲ್ಲಿ ಬಾಂದಿನ ಮೇಲೆ ನಿಂತು ನೋಡುತ್ತಿದ್ದವರಿಗೆ ಏನೂ ಆಗದಿದ್ದುದು ಅದೃಷ್ಟ. ವಿದ್ಯುತ್ತು ನೆಲಕ್ಕಿಳಿದ ಜಾಗದಿಂದ ಸುತ್ತಲೂ ಹರಡುವಾಗ ನೆಲದ ಮೇಲೆಯೇ, ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ, ಪ್ರಾಣಾಂತಿಕವಾಗುವಷ್ಟು ಒತ್ತಡ ಏಳಬಹುದು. ಹರಿದುಬಿದ್ದ ತಂತಿಯ ಬಳಿ ಸಿಕ್ಕಿಕೊಂಡವರು ಹೆಜ್ಜೆ ಹಾಕದೆ, ಎರಡೂ ಪಾದಗಳನ್ನು ಕೂಡಿಸಿ ಕುಪ್ಪಳಿಸುತ್ತ ದೂರ ಸರಿಯಬೇಕು ಎನ್ನುವುದು ಇದಕ್ಕಾಗಿಯೇ. ದನಗಳ ಮುಂಗಾಲು ಹಿಂಗಾಲುಗಳ ಅಂತರ ದೊಡ್ಡದಾದ್ದರಿಂದ ಅವು ಮೊದಲು ಬಲಿಯಾಗುತ್ತವೆ.

ರವದಿಯನ್ನು ಸಾಲುಗಳ ನಡುವೆ ಹರಡಿ ಕೊಳೆಸಿದರೆ ಕೂಳೆ ಕಬ್ಬಿಗೆ ತೇವವೂ ಗೊಬ್ಬರವೂ ಸಿಗುತ್ತವೆ. ಲೈನಿನ ಕೆಳಗಂತೂ ಬೆಂಕಿ ಹಚ್ಚಲೇಬೇಡಿ.

ಪ್ರಶ್ನೆ: ಮನೆ ಕಟ್ಟಲು ಲೈನಿನಿಂದ ಎಷ್ಟು ದೂರ ಇರಬೇಕು? ಕರೋನಾದಿಂದ ಓಝೋನ್ ಹುಟ್ಟುತ್ತದೆ ಎಂದು ಓದಿದೆ, ಅದು ಹಾನಿಕರವೇ? ಈ ವಿಸರ್ಜನೆಯಿಂದ ಏನಾದರೂ ಉಪಯೋಗವಿದೆಯೇ? (ಪಿಯುಸಿ ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಮಾರ್ಗಕ್ಕೆಂದು ಕಾಯ್ದಿರಿಸುವ ಪಟ್ಟಿಯ ಅಗಲ ಸಾಮಾನ್ಯವಾಗಿ 110 ಕೆ.ವಿ.ಗೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್, 400 ಕೆ.ವಿ.ಗೆ 46 ಮೀಟರ್. ಅಂದರೆ ಮಧ್ಯದಿಂದ ಎರಡೂ ಬದಿಗೆ ಅದರ ಅರ್ಧದಷ್ಟು. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ. ನಿವೇಶನ ಕೊಳ್ಳುವ ಮೊದಲೇ ಟೇಪು ಹಿಡಿದು ಅಳೆಯಲು ಮನೆಯ ಹಿರಿಯರಿಗೆ ಹೇಳು.

ಓಝೋನ್ ಹುಟ್ಟುವುದು ನಿಜ. ಆದರೆ ತೆರೆದ ಹೊಲದ ಗಾಳಿಯಲ್ಲಿ ಮೊದಲೇ ಇರುವ ಓಝೋನಿಗೆ ಹೋಲಿಸಿದರೆ ಲೈನು ಸೇರಿಸುವ ಪಾಲು ಗಣನೆಗೆ ಬಾರದಷ್ಟು ಚಿಕ್ಕದು.

ಉಪಯೋಗದ ಬಗ್ಗೆ ಕೇಳಿದ್ದು ನನಗೆ ಬಹಳ ಸಂತೋಷ ತಂದಿತು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಶಾಖೋತ್ಪನ್ನ ಕೇಂದ್ರವಿದೆ, 800 ಮೆಗಾವ್ಯಾಟಿನ ಮೂರು ಘಟಕಗಳು. ಇಂಥ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿದಾಗ ಏಳುವ ಬೂದಿಯನ್ನು ಚಿಮಣಿಗೆ ಹೋಗುವ ಮೊದಲೇ ಹಿಡಿಯಲು ಕರೋನಾವನ್ನೇ ಬಳಸುತ್ತಾರೆ. 20ನೇ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಕಾಟ್ರೆಲ್ ಇದನ್ನು ಕೈಗಾರಿಕೆಯ ಬಳಕೆಗೆ ತಂದರು. ಹೊಗೆ ಹಾಯುವ ದೊಡ್ಡ ಪೆಟ್ಟಿಗೆಯಲ್ಲಿ ಲೋಹದ ಫಲಕಗಳನ್ನು ತೂಗುಹಾಕಿ, ಅವುಗಳ ನಡುವೆ ತೆಳುವಾದ ಅಥವಾ ಮುಳ್ಳಿನಂಥ ಚೂಪುಗಳುಳ್ಳ ತಂತಿಗಳನ್ನು ಇಳಿಬಿಟ್ಟು, ಹತ್ತಾರು ಕಿಲೋವೋಲ್ಟಿನ ಏಕಮುಖ ಋಣ ಒತ್ತಡ ಕೊಡುತ್ತಾರೆ. ದೊಡ್ಡ ಲೈನಿನಲ್ಲಿ ಕರೋನಾ ಬಾರದಿರಲೆಂದು ತಂತಿಗಳನ್ನು ಜೋಡಿಸಿ ದಪ್ಪ ಮಾಡಿದರೆ, ಇಲ್ಲಿ ಅದು ಬರಲೆಂದೇ ಚೂಪು ಮಾಡುತ್ತಾರೆ. ವಿಸರ್ಜನೆಯಲ್ಲಿ ಹುಟ್ಟಿದ ಅಯಾನುಗಳು ಬೂದಿಯ ಕಣಗಳಿಗೆ ಅಂಟಿಕೊಂಡು ಅವುಗಳಿಗೆ ವಿದ್ಯುದಾವೇಶ ಕೊಡುತ್ತವೆ, ಕಣಗಳು ಫಲಕಗಳತ್ತ ಸೆಳೆಯಲ್ಪಟ್ಟು ಅಲ್ಲಿಯೇ ಕೂರುತ್ತವೆ, ಆಗಾಗ ಸುತ್ತಿಗೆಗಳು ಫಲಕಗಳಿಗೆ ಬಡಿದು ಬೂದಿಯನ್ನು ಕೆಳಗಿನ ತೊಟ್ಟಿಗೆ ಉದುರಿಸುತ್ತವೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವು ಬೂದಿಯ ಶೇಕಡಾ 99ಕ್ಕೂ ಹೆಚ್ಚು ಪಾಲನ್ನು ಹೀಗೆ ಹಿಡಿದಿಡುತ್ತದೆ. ಸಿಮೆಂಟ್ ಮಿಶ್ರಣಕ್ಕೆ, ಇಟ್ಟಿಗೆಗೆ ಹೋಗುವ ಹಾರುಬೂದಿ ಸಿಗುವುದು ಆ ತೊಟ್ಟಿಗಳಿಂದಲೇ.